ಲೆಕ್ಕಕ್ಕೆ ಬಾರದ ಅತಿಥಿ

ಮನೆಗೆ ಬಂದ ಅತಿಥಿಯನ್ನು ಆದರಿಸದವರು ಲೋಕದಲ್ಲಿ ಇರಬಹುದು; ಅತಿಥಿ ಬಂದುದನ್ನೇ ಅರಿಯದವರು ಇರಲಾರರು. ಹೊಸ್ತಿಲ ಬಳಿ ಕಳಚಿಟ್ಟ ಪಾದರಕ್ಷೆ, ಮೂಲೆಗೆ ಒರಗಿಸಿದ ಕೊಡೆ, ಎರಡನೆಯ ಬಾರಿಗೆ ಒಲೆಯೇರಿದ ಕಾಫಿಯ ಪಾತ್ರೆ, ಇವೆಲ್ಲ ಬಂದವರ ಸುದ್ದಿಯನ್ನು ನೆರೆಮನೆಗೂ ಮುಟ್ಟಿಸಿಬಿಡುತ್ತವೆ. ಹೀಗಿರಲು, ಒಂದು ಮನೆಯ ನಡುಕೋಣೆಯಲ್ಲಿ ಅತಿಥಿಯೊಬ್ಬನು ಹದಿನೈದು ವರ್ಷ ಕುಳಿತಿದ್ದನು, ಆ ಮನೆಯ ವಿವರವನ್ನು ಬರೆದಿಟ್ಟ ದಾಖಲೆಯಲ್ಲಿ ಅವನ ಹೆಸರೇ ಇರಲಿಲ್ಲ ಎಂದರೆ ನಂಬುವುದು ಹೇಗೆ? ರಸಾಯನಶಾಸ್ತ್ರದ ಇತಿಹಾಸದಲ್ಲಿ ಇಂತಹದೊಂದು ಪ್ರಸಂಗ ನಡೆದಿದೆ. ಮನೆಯೆಂದರೆ ಉಂಗುರದ ಆಕಾರದ ಒಂದು ಅಣು. ಅತಿಥಿಯೆಂದರೆ ಅಡುಗೆಯ ಉಪ್ಪಿನಲ್ಲಿ ದಿನವೂ ಇರುವ ಸೋಡಿಯಂ. ಮನೆಯ ವರ್ಣನೆ 1970ರಲ್ಲಿ ಪ್ರಕಟವಾಯಿತು. ಅದರೊಳಗಿದ್ದ ಅತಿಥಿಯ ಹೆಸರು ದಾಖಲೆಗೆ ಸೇರಲು 1985 ಬರಬೇಕಾಯಿತು.

ಈ ಪ್ರಸಂಗ ಕೇವಲ ವಿನೋದದ ಕಥೆಯಲ್ಲ. ಉಂಗುರದ ಅಣುವೊಂದು ಯಾವ ಅಯಾನನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಯಾವುದನ್ನು ಹೊರಗೆ ನಿಲ್ಲಿಸುತ್ತದೆ ಎಂಬ ಪ್ರಶ್ನೆಯ ಮೇಲೆ ಇಂದು ಮೂತ್ರಪಿಂಡದ ರೋಗಿಯೊಬ್ಬನ ಹೃದಯದ ಬಡಿತವೂ ನಿಂತಿರುವುದುಂಟು. ಆ ಮಾತಿಗೆ ಬರುವ ಮುನ್ನ ಅತಿಥಿಯ ಪರಿಚಯವಾಗಬೇಕು.

ಅಯಾನೆಂಬ ಅತಿಥಿ

ಪರಮಾಣುವೊಂದು ತನ್ನ ಎಲೆಕ್ಟ್ರಾನುಗಳಲ್ಲಿ ಒಂದನ್ನೋ ಎರಡನ್ನೋ ಕಳೆದುಕೊಂಡರೆ ಅದಕ್ಕೆ ಧನ ವಿದ್ಯುದಂಶ ಬರುತ್ತದೆ. ಹೊರಗಿನಿಂದ ಪಡೆದುಕೊಂಡರೆ ಋಣ ವಿದ್ಯುದಂಶ ಬರುತ್ತದೆ. ಹೀಗೆ ವಿದ್ಯುದಂಶವನ್ನು ಹೊತ್ತ ಕಣಕ್ಕೆ ಅಯಾನು ಎಂದು ಹೆಸರು. ಚಿಟಿಕೆ ಉಪ್ಪನ್ನು ನೀರಿಗೆ ಹಾಕಿದಾಗ ಅದು ಸೋಡಿಯಮಿನ ಧನ ಅಯಾನುಗಳಾಗಿಯೂ ಕ್ಲೋರಿನ್ನಿನ ಋಣ ಅಯಾನುಗಳಾಗಿಯೂ ಬೇರೆಬೇರೆಯಾಗಿ ಚದರಿಹೋಗುತ್ತದೆ.

ಆದರೆ ಅಯಾನು ಒಂಟಿಯಾಗಿ ಅಲೆಯುವ ಕಣವಲ್ಲ. ನೀರಿನ ಅಣುಗಳು ಅದನ್ನು ಸುತ್ತುಗಟ್ಟಿ ನಿಲ್ಲುತ್ತವೆ. ನೀರಿನ ಅಣುವಿನಲ್ಲಿ ಆಮ್ಲಜನಕವಿರುವ ಕಡೆಗೆ ತುಸು ಋಣಾಂಶವುಂಟು. ಆ ಕಡೆಯನ್ನು ಧನ ಅಯಾನಿನತ್ತ ತಿರುಗಿಸಿ, ಹತ್ತಿರದ ನೆಂಟರಂತೆ ಅವು ಅದನ್ನು ಬಿಡದೆ ಹಿಡಿದುಕೊಂಡಿರುತ್ತವೆ. ಇಂತಹ ಅಯಾನನ್ನು ಮತ್ತೊಂದು ಅಣು ತನ್ನ ಮನೆಗೆ ಕರೆದೊಯ್ಯಬೇಕಾದರೆ ಮೊದಲು ಈ ನೆಂಟರ ಹಿಡಿತವನ್ನು ಬಿಡಿಸಬೇಕು. ಬಿಡಿಸಿದ ಮೇಲೆ ಅವರಷ್ಟೇ ಅಥವಾ ಅವರಿಗಿಂತ ಮಿಗಿಲಾದ ಉಪಚಾರವನ್ನು ತಾನು ಮಾಡಬೇಕು. ಸೋಡಿಯಂ, ಪೊಟ್ಯಾಸಿಯಂಗಳಂತಹ ಅಯಾನುಗಳಿಗೆ ಇಂತಹ ಉಪಚಾರ ಮಾಡಬಲ್ಲ ಅಣುವನ್ನು ಪ್ರಯೋಗಶಾಲೆಯಲ್ಲಿ ಕಟ್ಟುವುದು ಬಹು ಕಷ್ಟವೆಂದು 1960ರವರೆಗೂ ರಸಾಯನಜ್ಞರು ಭಾವಿಸಿದ್ದರು.

ಸಿಂಬೆಯ ಮೇಲಿನ ಕೊಡ

ಈ ಭಾವನೆಯನ್ನು ತಲೆಕೆಳಗು ಮಾಡಿದವರು ಚಾರ್ಲ್ಸ್ ಪೆಡರ್ಸನ್. 1904ರಲ್ಲಿ ಕೊರಿಯಾದ ಬುಸಾನಿನಲ್ಲಿ ನಾರ್ವೆ ದೇಶದ ತಂದೆಗೂ ಜಪಾನಿನ ತಾಯಿಗೂ ಹುಟ್ಟಿದ ಇವರು ಅಮೆರಿಕದಲ್ಲಿ ವ್ಯಾಸಂಗ ಮಾಡಿ, 1927ರಲ್ಲಿ ಡುಪಾಂಟ್ ಕಂಪೆನಿಯ ಪ್ರಯೋಗಶಾಲೆಯನ್ನು ಸೇರಿದರು. ಡಾಕ್ಟರೇಟ್ ಪದವಿಯನ್ನು ಅವರು ಪಡೆಯಲೇ ಇಲ್ಲ. 1960ರ ದಶಕದ ಆರಂಭದಲ್ಲಿ ವೆನೇಡಿಯಂ ಲೋಹವನ್ನು ಹಿಡಿಯಬಲ್ಲ ಅಣುವೊಂದನ್ನು ತಯಾರಿಸಲು ಅವರು ಹೊರಟಿದ್ದರು. ಬಳಸಿದ ಮೂಲವಸ್ತುವಿನಲ್ಲಿ ಶೇಕಡಾ ಹತ್ತರಷ್ಟು ಬೇರೊಂದು ವಸ್ತು ಕಲ್ಮಷವಾಗಿ ಸೇರಿತ್ತು. ಅದು ಅವರಿಗೆ ತಿಳಿದೂ ಇತ್ತು. ಪ್ರಯೋಗದ ಕೊನೆಯಲ್ಲಿ ಬೇಕಾದ ವಸ್ತುವಿನ ಜೊತೆಗೆ ರೇಷ್ಮೆಯ ಎಳೆಗಳಂತಹ ಬಿಳಿಯ ಹರಳುಗಳು ಅತ್ಯಲ್ಪ ಪ್ರಮಾಣದಲ್ಲಿ ಉಳಿದವು. ಅವುಗಳ ಇಳುವರಿ ಶೇಕಡಾ 0.4 ಮಾತ್ರ.

ಇಷ್ಟು ಅಲ್ಪವಾದುದನ್ನು ತೊಳೆದು ಚೆಲ್ಲುವುದೇ ವಾಡಿಕೆ. ಪೆಡರ್ಸನ್ ಚೆಲ್ಲಲಿಲ್ಲ. ಹರಳುಗಳು ಮೆಥನಾಲಿನಲ್ಲಿ ಸರಿಯಾಗಿ ಕರಗುತ್ತಿರಲಿಲ್ಲ. ಸೋಡಿಯಮಿನ ಯಾವುದಾದರೊಂದು ಲವಣವನ್ನು ಸೇರಿಸಿದೊಡನೆ ಕರಗಿಬಿಡುತ್ತಿದ್ದವು. ಅಣುವಿನ ರಚನೆಯನ್ನು ಕಂಡುಕೊಂಡಾಗ ಕಾರಣವೂ ಹೊಳೆಯಿತು. ಅದು ಹದಿನೆಂಟು ಪರಮಾಣುಗಳ ಒಂದು ಬಳೆ. ಅದರಲ್ಲಿ ಹನ್ನೆರಡು ಇಂಗಾಲ, ಆರು ಆಮ್ಲಜನಕ. ಆಮ್ಲಜನಕಗಳೆಲ್ಲ ಒಳಮುಖವಾಗಿ ತಿರುಗಿ, ನಡುವಿನ ಬರಿದಾದ ಜಾಗದಲ್ಲಿ ಧನ ಅಯಾನಿಗೆ ಪೀಠವನ್ನು ಸಿದ್ಧಪಡಿಸಿದ್ದವು. ನೀರು ತರುವ ಹೆಂಗಸು ತಲೆಯ ಮೇಲೆ ಸಿಂಬೆಯನ್ನಿಟ್ಟು ಅದರ ಮೇಲೆ ಕೊಡವನ್ನು ಕೂರಿಸುವಂತೆ, ಈ ಬಳೆಯ ನಡುವೆ ಅಯಾನು ಅಲುಗಾಡದೆ ಕುಳಿತುಕೊಳ್ಳುತ್ತಿತ್ತು. ಪೆಡರ್ಸನ್ನರ ಕಣ್ಣಿಗೆ ಅದು ಅಯಾನಿನ ತಲೆಗೆ ತೊಡಿಸಿದ ಕಿರೀಟದಂತೆ ಕಂಡಿತು. ಆದುದರಿಂದ ಇಂತಹ ಅಣುಗಳಿಗೆ ಕಿರೀಟ ಈಥರುಗಳೆಂದೇ ಹೆಸರಾಯಿತು.

ಇಲ್ಲಿ ಬಳೆಗಾರನ ನ್ಯಾಯವೊಂದಿದೆ. ಬಳೆ ಚಿಕ್ಕದಾದರೆ ಕೈಗೇರದು, ದೊಡ್ಡದಾದರೆ ನಿಲ್ಲದು. ಹದಿನೆಂಟರ ಬಳೆಗೆ ಪೊಟ್ಯಾಸಿಯಂ ಸರಿಹೊಂದುತ್ತದೆ, ಹದಿನೈದರ ಬಳೆಗೆ ಸೋಡಿಯಂ, ಹನ್ನೆರಡರ ಬಳೆಗೆ ಲಿಥಿಯಂ. ಬಾವಿಯ ನೀರಿಗೆ ಹಾಕುವ ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್ ಬೆಂಜೀನಿನಂತಹ ದ್ರವದಲ್ಲಿ ಕರಗುವುದಿಲ್ಲ. ತಕ್ಕ ಕಿರೀಟವನ್ನು ಸೇರಿಸಿದರೆ ಬೆಂಜೀನೇ ನೇರಳೆಯಾಗಿ ಹೊಳೆಯುತ್ತದೆ. 1967ರಲ್ಲಿ ಪೆಡರ್ಸನ್ ಈ ಅಣುಗಳ ವೃತ್ತಾಂತವನ್ನು ಪ್ರಕಟಿಸಿದರು. ಎರಡು ವರ್ಷಗಳಲ್ಲಿ ನಿವೃತ್ತರಾದರು. 1987ರಲ್ಲಿ, ಎಂಬತ್ತಮೂರರ ವಯಸ್ಸಿನಲ್ಲಿ, ಡೊನಾಲ್ಡ್ ಕ್ರ್ಯಾಮ್ ಮತ್ತು ಜಾನ್ ಮಾರಿ ಲೆನ್ ಅವರೊಡನೆ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು.

ಪೆಡರ್ಸನ್ನರ ಬಳೆ ಇಂಗಾಲದ ಬಳೆ. ಎಂದರೆ ಸಾವಯವ ರಸಾಯನಶಾಸ್ತ್ರಕ್ಕೆ ಸೇರಿದುದು. ಕಲ್ಲು, ಲೋಹ, ಆಕ್ಸೈಡುಗಳ ನಿರವಯವ ಲೋಕದಲ್ಲಿ ಇಂತಹ ಮನೆಗಳಿರಬಹುದೇ? ಇದ್ದವು. ಅವುಗಳಲ್ಲೊಂದು ಸಿದ್ಧವಾಗಿ ಸೀಸೆಯೊಳಗೆ ಕುಳಿತಿತ್ತು. ಅದು ಮನೆಯೆಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಟಂಗ್‌ಸ್ಟನ್ನಿನ ಉಂಗುರ

ಹಿಂದಿನ ವಿದ್ಯುದ್ದೀಪದ ಬುರುಡೆಗಳಲ್ಲಿ ಕಾದು ಬೆಳಗುತ್ತಿದ್ದ ಸಣ್ಣ ತಂತಿ ಟಂಗ್‌ಸ್ಟನ್ ಲೋಹದ್ದು. ಈ ಲೋಹಕ್ಕೂ ಇದರ ಸೋದರನಾದ ಮಾಲಿಬ್ಡಿನಮಿಗೂ ಒಂದು ವಿಶೇಷ ಗುಣವುಂಟು. ಇವುಗಳ ಲವಣದ ದ್ರಾವಣಕ್ಕೆ ಆಮ್ಲವನ್ನು ಬೆರೆಸಿದರೆ, ಪ್ರತಿಯೊಂದು ಲೋಹದ ಪರಮಾಣುವೂ ಸಾಮಾನ್ಯವಾಗಿ ಆರು ಆಮ್ಲಜನಕಗಳನ್ನು ಸುತ್ತ ನಿಲ್ಲಿಸಿಕೊಂಡು, ಅಕ್ಕಪಕ್ಕದವುಗಳೊಡನೆ ಅದೇ ಆಮ್ಲಜನಕಗಳನ್ನು ಹಂಚಿಕೊಂಡು, ತಾವಾಗಿಯೇ ದೊಡ್ಡ ದೊಡ್ಡ ಅಣುಗಳಾಗಿ ಜೋಡಣೆಗೊಳ್ಳುತ್ತವೆ. ಒಂದು ಗೋಡೆಯನ್ನೇ ಎರಡು ಮನೆಗಳು ಹಂಚಿಕೊಂಡು ಬೀದಿ ಬೆಳೆದಂತೆ ಈ ಅಣು ಬೆಳೆಯುತ್ತದೆ. 1826ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಇಂತಹ ಹಳದಿ ಬಣ್ಣದ ವಸ್ತುವೊಂದನ್ನು ವರ್ಣಿಸಿದ್ದರು. 1933ರಲ್ಲಿ ಕೆಗಿನ್ ಎಂಬ ವಿಜ್ಞಾನಿ ಕ್ಷ-ಕಿರಣಗಳ ನೆರವಿನಿಂದ ಇದೇ ಬಗೆಯ ಅಣುವಿನ ಒಳರಚನೆಯನ್ನು ತೋರಿಸಿಕೊಟ್ಟರು: ಹನ್ನೆರಡು ಲೋಹದ ಪರಮಾಣುಗಳ ಗೂಡು, ನಡುವೆ ಒಂದು ರಂಜಕ.

1970ರಲ್ಲಿ ಪ್ರೈಸ್ಲರ್ ಎಂಬ ರಸಾಯನಜ್ಞರು ಫ್ರಾನ್ಸಿನ ವಿಜ್ಞಾನ ಪತ್ರಿಕೆಯೊಂದರಲ್ಲಿ ಇದೇ ವಂಶದ ಹೊಸ ವಸ್ತುವೊಂದನ್ನು ವರ್ಣಿಸಿದರು. ಅದನ್ನು ತಯಾರಿಸುವುದೇನೂ ಕಷ್ಟವಲ್ಲ. ಸೋಡಿಯಂ ಟಂಗ್‌ಸ್ಟೇಟನ್ನು ರಂಜಕಾಮ್ಲದೊಡನೆ ಬಹಳ ಹೊತ್ತು ಕಾಯಿಸಬೇಕು. ಬಳಿಕ ಪೊಟ್ಯಾಸಿಯಮಿನ ಲವಣವನ್ನು ಸೇರಿಸಿದರೆ ಹೊಸ ವಸ್ತು ತಳಕ್ಕಿಳಿಯುತ್ತದೆ. ಅದರಲ್ಲಿ ಮೂರು ರಂಜಕಕ್ಕೆ ಹದಿನೆಂಟು ಟಂಗ್‌ಸ್ಟನ್ ಇವೆಯೆಂದು ಆಗ ಅದರ ಸೂತ್ರವನ್ನು ಬರೆಯಲಾಯಿತು. ಎಂದರೆ ಒಂದಕ್ಕೆ ಆರು. ಈ ಪ್ರಮಾಣ ಸರಿಯಾಗಿಯೇ ಇತ್ತು. ತಪ್ಪು ಅದರಲ್ಲಿರಲಿಲ್ಲ.

ರಾಸಾಯನಿಕ ವಿಶ್ಲೇಷಣೆಯ ಸ್ವಭಾವವೇ ಹಾಗೆ. ಅದು ವಸ್ತುಗಳ ಪ್ರಮಾಣವನ್ನು ಹೇಳುತ್ತದೆ, ಒಟ್ಟು ಎಣಿಕೆಯನ್ನು ಹೇಳುವುದಿಲ್ಲ. ಮದುವೆಯ ಊಟದಲ್ಲಿ ಪ್ರತಿ ಎಲೆಗೂ ಎರಡು ಹೋಳಿಗೆ ಬಡಿಸಿದರೆಂದು ತಿಳಿದರೆ ಪಂಕ್ತಿಯಲ್ಲಿ ಎಷ್ಟು ಜನ ಕುಳಿತಿದ್ದರೆಂದು ಗೊತ್ತಾಗುವುದೇ? ಹತ್ತು ಎಲೆಗೆ ಇಪ್ಪತ್ತಾದರೂ ಅದೇ ಪ್ರಮಾಣ. ನೂರು ಎಲೆಗೆ ಇನ್ನೂರಾದರೂ ಅದೇ ಪ್ರಮಾಣ. ಮೂರಕ್ಕೆ ಹದಿನೆಂಟು ಎಂಬುದು ಐದಕ್ಕೆ ಮೂವತ್ತು ಎಂಬುದರೊಡನೆ ಲೆಕ್ಕದಲ್ಲಿ ಸಮವೇ. ಆದರೆ ಈ ಎರಡರಲ್ಲಿ ಯಾವುದು ನಿಜ ಎಂಬುದರ ಮೇಲೆ ಅಣುವಿನ ಆಕಾರವೇ ಬದಲಾಗುತ್ತದೆ.

ಹದಿನೈದು ವರ್ಷದ ಮೇಲೆ

1985ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಮೈಕೆಲ್ ಪೋಪ್, ಫ್ರಾನ್ಸಿನ ಈವ್ ಜಾನೆನ್ ಮತ್ತು ಅವರ ಸಹೋದ್ಯೋಗಿಗಳು ಈ ವಸ್ತುವಿನ ಹರಳನ್ನು ಕ್ಷ-ಕಿರಣಗಳ ಪರೀಕ್ಷೆಗೆ ಒಡ್ಡಿದರು. ಕಂಡ ನೋಟ ಸೋಜಿಗದ್ದಾಗಿತ್ತು. ಐದು ಸಮಾನವಾದ ತುಂಡುಗಳು, ಒಂದೊಂದರಲ್ಲಿಯೂ ಒಂದು ರಂಜಕ ಮತ್ತು ಆರು ಟಂಗ್‌ಸ್ಟನ್, ಕೈ ಕೈ ಹಿಡಿದು ವೃತ್ತವಾಗಿ ನಿಂತಿದ್ದವು. ಅಣುವಿನ ಆಕಾರ ಉದ್ದಿನ ವಡೆಯಂತೆ: ಮೇಲೆ ಕೆಳಗೆ ತುಸು ಚಪ್ಪಟೆ, ಅಂಚು ದುಂಡು, ನಡುವೆ ತೂತು. ಐದು ದಳಗಳ ಇಂತಹ ಸಮತೆ ಹೂವುಗಳಲ್ಲಿ ಸಾಮಾನ್ಯ; ಇಂತಹ ಅಣುಗಳಲ್ಲಿ ಅಪರೂಪ.

ಆ ತೂತು ಬರಿದಾಗಿರಲಿಲ್ಲ. ಅದರೊಳಗೆ ಒಂದು ಸೋಡಿಯಂ ಅಯಾನು ಕುಳಿತಿತ್ತು. ಅದೂ ನಟ್ಟನಡುವೆ ಅಲ್ಲ. ಮನೆಯ ಯಜಮಾನನು ನಡುಮನೆಯ ಮಂಚವನ್ನು ತೋರಿಸಿದರೂ ಸಂಕೋಚದಿಂದ ಬಾಗಿಲ ಕಡೆಗೇ ಸರಿದು ಕುಳಿತುಕೊಳ್ಳುವ ನೆಂಟನಂತೆ, ಅದು ಉಂಗುರದ ಒಂದು ಮುಖದ ಕಡೆಗೆ ಜರುಗಿ ಕುಳಿತಿತ್ತು. ಇದರಿಂದಾಗಿ ಉಂಗುರದ ಎರಡು ಮುಖಗಳು ಒಂದರಂತೆ ಒಂದಿರದೆ ಬೇರೆಬೇರೆಯಾಗಿದ್ದವು.

ಅಣುವಿನ ನಿಜವಾದ ಲೆಕ್ಕ ಈಗ ಹೊರಬಿತ್ತು: ಒಂದು ಸೋಡಿಯಂ, ಐದು ರಂಜಕ, ಮೂವತ್ತು ಟಂಗ್‌ಸ್ಟನ್, ನೂರಹತ್ತು ಆಮ್ಲಜನಕ. ಒಟ್ಟು 146 ಪರಮಾಣುಗಳಲ್ಲಿ ಸೋಡಿಯಂ ಒಂದೇ ಒಂದು. ತೂಕದಲ್ಲಿ ಅದರ ಪಾಲು ಸಾವಿರಕ್ಕೆ ಮೂರು ಮಾತ್ರ. ಈ ಲವಣವನ್ನು ತಯಾರಿಸುವುದೇ ಸೋಡಿಯಂ ತುಂಬಿದ ದ್ರಾವಣದಲ್ಲಿ. ಆದುದರಿಂದ ಕೊನೆಯಲ್ಲಿ ಒಂದಿಷ್ಟು ಸೋಡಿಯಂ ಕಂಡರೂ ಅದನ್ನು ತೊಳೆಯದೆ ಉಳಿದ ಕಲ್ಮಷವೆಂದು ತಿಳಿಯುವುದು ಎಷ್ಟು ಸುಲಭ! ಅಕ್ಕಿಯಲ್ಲಿ ಕಲ್ಲು ಸಿಕ್ಕಿದರೆ ಅಕ್ಕಿಯ ಗುಣವೆಂದು ಯಾರೂ ಹೇಳುವುದಿಲ್ಲ. ಇಲ್ಲಿ ಮಾತ್ರ ಕಲ್ಲೆಂದು ತೋರಬಹುದಾಗಿದ್ದುದು ಅಕ್ಕಿಯ ತಿರುಳೇ ಆಗಿತ್ತು.

ಮತ್ತೂ ಒಂದು ವಿಶೇಷ. ಹೊರಗಡೆ ಅಂಟಿಕೊಂಡಿರುವ ಪೊಟ್ಯಾಸಿಯಂ, ಅಮೋನಿಯಂ ಮುಂತಾದ ಅಯಾನುಗಳನ್ನು ಬೇಕೆಂದಾಗ ಬದಲಾಯಿಸಬಹುದು. ಒಳಗಿನ ಸೋಡಿಯಂ ಹಾಗಲ್ಲ. ಸಾಮಾನ್ಯ ಉಷ್ಣತೆಯಲ್ಲಿ ಅದು ಹೊರಗಿನ ಅಯಾನುಗಳೊಡನೆ ಸ್ಥಾನವನ್ನು ಬದಲಿಸಿಕೊಳ್ಳುವುದಿಲ್ಲ. ಪೆಡರ್ಸನ್ನರ ಬಳೆಯಿಂದ ಅತಿಥಿ ಬಂದುಹೋಗುತ್ತಿರಬಹುದು. ಈ ಉಂಗುರಕ್ಕೆ ಮಾತ್ರ ಬಾಗಿಲು ಬಲು ಭದ್ರ.

ಅತಿಥಿಯನ್ನು ಬದಲಿಸುವ ಬಗೆ

ಭದ್ರವಾದ ಬಾಗಿಲನ್ನು ತೆರೆಸುವ ಉಪಾಯವನ್ನೂ ಪೋಪ್ ಮತ್ತು ಸಂಗಡಿಗರೇ ಕಂಡುಹಿಡಿದು 1993ರಲ್ಲಿ ಪ್ರಕಟಿಸಿದರು. ಅಡುಗೆಮನೆಯ ಕುಕ್ಕರಿನ ತತ್ವವೇ ಅದು. ಮುಚ್ಚಿದ ಪಾತ್ರೆಯಲ್ಲಿ ನೀರನ್ನು ಅದರ ಕುದಿಯುವ ಮಟ್ಟಕ್ಕಿಂತ ಬಹಳ ಮೇಲಕ್ಕೆ ಕಾಯಿಸಿದಾಗ ಉಂಗುರದೊಳಗಿನ ಸೋಡಿಯಂ ಹೊರಬಂದು, ದ್ರಾವಣದಲ್ಲಿರುವ ಬೇರೆ ಅಯಾನು ಆ ಜಾಗಕ್ಕೆ ಸೇರುತ್ತದೆ. ಕ್ಯಾಲ್ಸಿಯಂ ಸೇರಿತು, ಯುರೇನಿಯಂ ಸೇರಿತು, ವಿರಳ ಭಸ್ಮ ಲೋಹಗಳೆಂದು ಕರೆಯುವ ಯೂರೋಪಿಯಂ ಮುಂತಾದವೂ ಸೇರಿದವು. ಸೋಡಿಯಂ ಮತ್ತು ಕ್ಯಾಲ್ಸಿಯಂ ಅಯಾನುಗಳ ಗಾತ್ರ ಹೆಚ್ಚುಕಡಿಮೆ ಒಂದೇ. ವಿದ್ಯುದಂಶ ಮಾತ್ರ ಬೇರೆ. ಗಾತ್ರ ಹೊಂದಿದರೆ ಸಾಕೆಂದಿದ್ದ ಬಳೆಗಾರನ ನ್ಯಾಯಕ್ಕೆ ವಿದ್ಯುದಂಶದ ನ್ಯಾಯವೂ ಕೂಡಿಕೊಂಡಿತು. ಬಗೆಬಗೆಯ ಲೋಹಗಳು ಬೆರೆತಿರುವ ದ್ರಾವಣದಿಂದ ಬೇಕಾದುದೊಂದನ್ನೇ ಆರಿಸಿಕೊಳ್ಳುವ ಶಕ್ತಿ ಇದರಲ್ಲಿ ಕಂಡುಬಂದಿತು.

ಸೋಡಿಯಂ ಒಂದು ಬದಿಗೆ ಸರಿದು ಕುಳಿತಿತ್ತಷ್ಟೆ. ಆ ಸಂಕೋಚದ ಕೂರಿಕೆಯಿಂದಲೇ ಮುಂದೆ ಮತ್ತೊಂದು ಫಲ ದೊರೆಯಿತು. ಉಂಗುರದಲ್ಲಿ ಕುಳಿತುಕೊಳ್ಳಲು ಎಡೆ ಎರಡಿವೆ, ಈ ಬದಿಗೊಂದು, ಆ ಬದಿಗೊಂದು. ಜಪಾನಿನ ಹಿರೋಷಿಮಾ ವಿಶ್ವವಿದ್ಯಾಲಯದ ಸದಾಫುಮಿ ನಿಶಿಹಾರಾ ಮತ್ತು ಸಂಗಡಿಗರು ಸೋಡಿಯಮಿನ ಬದಲು ಟರ್ಬಿಯಂ ಎಂಬ ಲೋಹದ ಅಯಾನನ್ನು ಅಲ್ಲಿಗೆ ಸೇರಿಸಿದರು. ವಿದ್ಯುತ್ ಕ್ಷೇತ್ರವನ್ನು ಒಡ್ಡಿದಾಗ ಅದು ಒಂದು ಎಡೆಯಿಂದ ಇನ್ನೊಂದಕ್ಕೆ ಜಿಗಿಯುವುದೆಂದೂ, ಕ್ಷೇತ್ರವನ್ನು ತೆಗೆದ ಮೇಲೂ ಹೊಸ ಎಡೆಯಲ್ಲಿಯೇ ಉಳಿಯುವುದೆಂದೂ ಅವರು 2018ರಲ್ಲಿ ವರದಿ ಮಾಡಿದರು. ಈ ಗುಣ ಕೋಣೆಯ ಉಷ್ಣತೆಗಿಂತ ಮೇಲೆಯೂ ನಿಲ್ಲುತ್ತದೆ. ಆ ಬದಿಯಲ್ಲಿದ್ದರೆ ಸೊನ್ನೆ, ಈ ಬದಿಯಲ್ಲಿದ್ದರೆ ಒಂದು ಎಂದು ಓದಿಕೊಂಡರೆ, ಗಣಕಯಂತ್ರದ ನೆನಪಿನ ಒಂದು ಅಕ್ಷರವನ್ನು ಒಂದೇ ಅಣುವಿನಲ್ಲಿ ಬರೆದಿಡುವ ಆಸೆಗೆ ಇದು ಎಡೆಮಾಡಿಕೊಟ್ಟಿದೆ.

ಲೋಹದ ಕಿರೀಟ, ಅಣುವಿನ ಗಾಲಿ

ಇತ್ತ ಪೆಡರ್ಸನ್ನರ ಬಳೆಯನ್ನೇ ಲೋಹದಲ್ಲಿ ಕಟ್ಟುವ ಯತ್ನವೂ ನಡೆಯಿತು. 1989ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿನ್ಸೆಂಟ್ ಪೆಕೊರಾರೊ ಮತ್ತು ಮ್ಯುಂಗ್ ಸೂ ಲಾ ಅವರು ಹನ್ನೆರಡು ಪರಮಾಣುಗಳ ಕಿರೀಟವೊಂದನ್ನು ತಯಾರಿಸಿದರು. ಅದರ ಬಳೆಯಲ್ಲಿ ಇಂಗಾಲವೇ ಇಲ್ಲ. ಇಂಗಾಲ ಇರಬೇಕಾದ ಸ್ಥಾನಗಳಲ್ಲಿ ಮ್ಯಾಂಗನೀಸ್ ಮತ್ತು ಸಾರಜನಕ. ಅವುಗಳ ನಡುನಡುವೆ, ಪೆಡರ್ಸನ್ನರಲ್ಲಿದ್ದಂತೆಯೇ, ಆಮ್ಲಜನಕ. ಇಂಗಾಲವೆಲ್ಲ ಬಳೆಯ ಹೊರಗಿನ ಅಲಂಕಾರದಲ್ಲಿ ಮಾತ್ರ. ನಡುವೆ ಕುಳಿತ ಅತಿಥಿಯೂ ಮ್ಯಾಂಗನೀಸೇ. ಬಳೆಯಲ್ಲಿರುವ ಮ್ಯಾಂಗನೀಸಿಗೆ ಮೂರು ಅಂಶದ ವಿದ್ಯುದಂಶವಾದರೆ ಅತಿಥಿಗೆ ಎರಡು. ಕಿರೀಟ ಈಥರುಗಳ ಜನಕರಾದ ಪೆಡರ್ಸನ್ ತೀರಿಕೊಂಡದ್ದು ಇದೇ 1989ರಲ್ಲಿ.

ಇಂಗಾಲದ ಬಳೆ ಅತಿಥಿಗೆ ಪೀಠ ಮಾತ್ರ. ಲೋಹದ ಬಳೆಗಾದರೋ ತನ್ನದೇ ಆದ ಕಾಂತಗುಣವಿದೆ, ಬಣ್ಣವಿದೆ, ಬೆಳಕನ್ನು ಹೀರಿ ಅತಿಥಿಗೆ ಉಣಿಸುವ ಶಕ್ತಿಯಿದೆ. ಮುಂದೆ ಸತು ಮುಂತಾದ ಲೋಹಗಳಿಂದ ಕಟ್ಟಿದ ಇಂತಹ ಕಿರೀಟಗಳಲ್ಲಿ ವಿರಳ ಭಸ್ಮ ಲೋಹವನ್ನು ಇರಿಸಿದಾಗ, ಅದು ಕಣ್ಣಿಗೆ ಕಾಣದ ಸಮೀಪದ ಅವರಕ್ತ ಬೆಳಕನ್ನು ಸೂಸಿತು. ದೇಹದ ಅಂಗಾಂಶಗಳನ್ನು ಕಣ್ಣಿಗೆ ಕಾಣುವ ಬೆಳಕಿಗಿಂತ ಸುಲಭವಾಗಿ ಹಾದುಹೋಗಬಲ್ಲ ಬೆಳಕು ಇದು. ಜೀವಕೋಶಗಳನ್ನು ಗುರುತಿಸಲು ಅದನ್ನು ಬಳಸುವ ಪ್ರಯೋಗಗಳು ನಡೆದಿವೆ.

ಉಂಗುರಗಳು ದೊಡ್ಡವಾದಂತೆ ಅತಿಥಿಗಳೂ ಹೆಚ್ಚಿದರು. ನಲವತ್ತೆಂಟು ಟಂಗ್‌ಸ್ಟನ್ನಿನ ಗಾಲಿಯೊಂದನ್ನು ಫ್ರಾನ್ಸಿನ ಕೊಂತಾಂ ಮತ್ತು ತೆಜೆ ಅವರು 1985ರಲ್ಲಿಯೇ ವರ್ಣಿಸಿದ್ದರು. ಇಪ್ಪತ್ತು ವರ್ಷಗಳ ತರುವಾಯ, 2005ರಲ್ಲಿ, ಜರ್ಮನಿಯ ಬ್ರೆಮೆನ್ ನಗರದಲ್ಲಿ ಉಲ್ರಿಚ್ ಕೋರ್ಟ್ಸ್ ಅವರೊಡನೆ ಕೆಲಸಮಾಡುತ್ತಿದ್ದ ಶಿಬ್ ಶಂಕರ್ ಮಾಲ್ ಎಂಬ ಭಾರತೀಯ ರಸಾಯನಜ್ಞರು ಆ ಗಾಲಿಯ ಹೊಟ್ಟೆಯಲ್ಲಿ ಇಪ್ಪತ್ತು ತಾಮ್ರದ ಅಯಾನುಗಳ ಒಂದು ಗೊಂಚಲನ್ನೇ ಕೂರಿಸಿ ತೋರಿಸಿದರು. ಈ ಸಂಶೋಧನೆಯ ಪ್ರಬಂಧಕ್ಕೆ ಮೊದಲ ಹೆಸರಾಗಿರುವ ಮಾಲ್ ಅವರು ಮುಂದೆ ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ರಸಾಯನಶಾಸ್ತ್ರ ವಿಭಾಗದಲ್ಲಿ ಅಧ್ಯಾಪಕರಾದರೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

ಇವೆಲ್ಲಕ್ಕಿಂತ ದೊಡ್ಡ ಗಾಲಿಯೊಂದು ಎರಡು ಶತಮಾನ ರಹಸ್ಯವಾಗಿಯೇ ಉಳಿದಿತ್ತು. ಮಾಲಿಬ್ಡಿನಮ್ ನೀಲಿ ಎಂಬ ಕಡುನೀಲಿಯ ದ್ರಾವಣವನ್ನು ಸ್ವೀಡನ್ನಿನ ಷೀಲೆ ಹದಿನೆಂಟನೆಯ ಶತಮಾನದಲ್ಲಿಯೇ ಕಂಡಿದ್ದರು. ಅದರಲ್ಲಿ ಏನಿದೆಯೆಂಬುದು 1995ರಲ್ಲಿ ಜರ್ಮನಿಯ ಬೀಲೆಫೆಲ್ಡಿನ ಆಕಿಮ್ ಮ್ಯುಲ್ಲರ್ ಮತ್ತು ಸಂಗಡಿಗರಿಂದ ಬಯಲಾಯಿತು: 154 ಮಾಲಿಬ್ಡಿನಮ್ ಪರಮಾಣುಗಳ ಬೃಹತ್ತಾದ ಗಾಲಿ. ಬೃಹತ್ತೆಂಬುದು ಅಣುಗಳ ಲೋಕದ ಮಾತು. ಒಂದು ಮಿಲಿಮೀಟರನ್ನು ಕೋಟಿ ಭಾಗ ಮಾಡಿದರೆ ಅಂತಹ ಮೂವತ್ತನಾಲ್ಕು ಭಾಗದಷ್ಟು ಅದರ ಅಗಲ.

ಇಷ್ಟು ದೊಡ್ಡ ಗಾಲಿ ತಾನಾಗಿಯೇ ದುಂಡಾಗಿ ಕಟ್ಟಿಕೊಳ್ಳುವುದು ಹೇಗೆ? ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ಲೀ ಕ್ರೋನಿನ್ ಮತ್ತು ಸಂಗಡಿಗರು 2010ರಲ್ಲಿ ಇದಕ್ಕೆ ಉತ್ತರವನ್ನು ಕೊಟ್ಟರು. ದ್ರಾವಣಗಳನ್ನು ನಿಲ್ಲಗೊಡದೆ ಹರಿಯಿಸುತ್ತ ನಡೆಸಿದ ಪ್ರಯೋಗದಲ್ಲಿ, ಅರ್ಧದಾರಿಯಲ್ಲಿದ್ದ ಗಾಲಿಯನ್ನೇ ಅವರು ಹಿಡಿದು ಹರಳಾಗಿಸಿದರು. ಅದರ ಒಳಗೆ 36 ಮಾಲಿಬ್ಡಿನಮ್ಮಿನ ಚಿಕ್ಕ ಗೊಂಚಲೊಂದು ಕುಳಿತಿತ್ತು. ಅದರ ಸುತ್ತ ಗಾಲಿ ಬೆಳೆದಿತ್ತು; ಗಾಲಿ ಪೂರ್ಣವಾದ ಮೇಲೆ ಗೊಂಚಲು ಹೊರಟುಹೋಗುತ್ತಿತ್ತು. ಕಲ್ಲಿನ ಕಮಾನು ಕಟ್ಟುವಾಗ ಕೆಳಗೆ ಮರದ ಅಚ್ಚನ್ನು ನಿಲ್ಲಿಸಿ, ಕಟ್ಟಿದ ಮೇಲೆ ತೆಗೆದುಬಿಡುವಂತೆ. ಮುಗಿದ ಕಮಾನನ್ನು ಮಾತ್ರ ನೋಡುವವನಿಗೆ ಅಚ್ಚಿನ ಸುಳಿವೇ ಸಿಗುವುದಿಲ್ಲ.

ರೋಗಿಯ ಹಾಸಿಗೆಯ ಬಳಿ

ಇಂತಹ ಉಂಗುರಗಳಿಂದ ಗೃಹಸ್ಥರಿಗೆ ಏನು ಪ್ರಯೋಜನವೆಂಬ ಪ್ರಶ್ನೆ ಸಹಜ. ಮೂತ್ರಪಿಂಡಗಳು ಸೋತ ರೋಗಿ ಮನೆಯಲ್ಲಿದ್ದರೆ, ಎಳನೀರು ಕೊಡಬೇಡಿ, ಬಾಳೆಹಣ್ಣು ಕೊಡಬೇಡಿ ಎಂದು ವೈದ್ಯರು ಎಚ್ಚರಿಸುವುದನ್ನು ಅನೇಕ ಕುಟುಂಬಗಳು ಕೇಳಿರುತ್ತವೆ. ಬಳಲಿದವರಿಗೆಲ್ಲ ಅಮೃತವೆನಿಸಿದ ಎಳನೀರು ಇವರಿಗೇಕೆ ವರ್ಜ್ಯ? ಅದರಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ. ಆರೋಗ್ಯವಂತರ ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 3.5ರಿಂದ 5 ಮಿಲಿಮೋಲುಗಳ ನಡುವೆ ಇರುತ್ತದೆ. ಮಿಕ್ಕುದನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಅವು ಸೋತಾಗ ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತದ ಲಯ ಕೆಡುತ್ತದೆ. ಏರಿಕೆ ಮಿತಿಮೀರಿದರೆ ಹೃದಯ ನಿಂತೇಹೋಗಬಹುದು.

ಹೆಚ್ಚಾದುದನ್ನು ತೆಗೆಯುವುದು ಹೇಗೆ? ರಕ್ತದಲ್ಲಿ ಪೊಟ್ಯಾಸಿಯಮಿನ ಸುಮಾರು ಮೂವತ್ತು ಪಟ್ಟು ಸೋಡಿಯಂ ಇದೆ. ಎರಡೂ ಒಂದೇ ವಂಶದವು, ಒಂದೇ ವಿದ್ಯುದಂಶದವು. ಜಾತ್ರೆಯ ಜನಸಂದಣಿಯಲ್ಲಿ ತನಗೆ ಬೇಕಾದವನ ಕೈಯನ್ನೇ ಹಿಡಿಯುವುದು ಎಷ್ಟು ಕಷ್ಟವೋ ಇದೂ ಅಷ್ಟೇ. 1958ರಿಂದ ಬಳಕೆಯಲ್ಲಿರುವ ಒಂದು ಕೃತಕ ರಾಳದ ಪುಡಿ ಪೊಟ್ಯಾಸಿಯಮನ್ನು ಹಿಡಿಯುವುದು ನಿಜ. ಆದರೆ ಅದಕ್ಕೆ ಆಯ್ಕೆಯ ವಿವೇಕ ಕಡಿಮೆ. ಕ್ಯಾಲ್ಸಿಯಮನ್ನೂ ಮೆಗ್ನೀಸಿಯಮನ್ನೂ ಅದು ಹಿಡಿದುಕೊಳ್ಳುತ್ತದೆ.

2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೋಡಿಯಂ ಜಿರ್ಕೋನಿಯಂ ಸೈಕ್ಲೋಸಿಲಿಕೇಟ್ ಎಂಬ ಔಷಧ ಈ ಕೆಲಸಕ್ಕೆ ನಿರವಯವ ಉಂಗುರವನ್ನೇ ನೇಮಿಸಿಕೊಂಡಿದೆ. ಇದು ಬಿಡಿ ಅಣುವಲ್ಲ. ಜಿರ್ಕೋನಿಯಂ, ಸಿಲಿಕಾನ್, ಆಮ್ಲಜನಕಗಳ ಹರಳು. ಅದರ ತುಂಬ ಏಳು ಕೊಂಡಿಗಳ ಉಂಗುರದಂತಹ ಕಿಂಡಿಗಳು. ಮಿಲಿಮೀಟರಿನ ಕೋಟಿಯಲ್ಲಿ ಮೂರು ಭಾಗದಷ್ಟು ಕಿಂಡಿಯ ಅಗಲ. ಪೊಟ್ಯಾಸಿಯಂ ಅಯಾನಿನ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಪೊಟ್ಯಾಸಿಯಂ ತನ್ನ ಸುತ್ತಣ ನೀರನ್ನು ಕಳಚಿ ಒಳಬಂದರೆ, ಕಿಂಡಿಯ ಆಮ್ಲಜನಕಗಳು ಎಲ್ಲ ಕಡೆಯಿಂದಲೂ ಅದನ್ನು ಮುಟ್ಟಿ ಹಿಡಿಯುತ್ತವೆ. ಬಿಟ್ಟುಬಂದ ನೆಂಟರ ಕೊರತೆ ಅದಕ್ಕೆ ತೋರುವುದಿಲ್ಲ. ಸೋಡಿಯಂ ಚಿಕ್ಕದು. ಒಳಬಂದರೂ ಎಲ್ಲ ಆಮ್ಲಜನಕಗಳೂ ಅದಕ್ಕೆ ಎಟುಕುವುದಿಲ್ಲವಾಗಿ, ನೀರಿನೊಡನೆ ಹೊರಗಿರುವುದೇ ಅದಕ್ಕೆ ಹಿತ. ಹರಳಿನಲ್ಲಿ ಮೊದಲೇ ಇದ್ದ ಸೋಡಿಯಂ ಇತ್ಯಾದಿ ಹೊರಬಂದು ಪೊಟ್ಯಾಸಿಯಮಿಗೆ ಎಡೆಗೊಡುತ್ತದೆ. ನೀರಿನಲ್ಲಿ ಕದಡಿ ಕುಡಿದ ಈ ಪುಡಿ ರಕ್ತಕ್ಕೆ ಸೇರದೆ, ಕರುಳಿನಲ್ಲಿ ಪೊಟ್ಯಾಸಿಯಮನ್ನು ಹಿಡಿದು ಹಾಗೆಯೇ ಹೊರಹೋಗುತ್ತದೆ. ಹೊರಬರುವ ಸೋಡಿಯಮಿನಿಂದ ಕೆಲವರಿಗೆ ಮೈಯಲ್ಲಿ ನೀರು ತುಂಬಿ ಊತ ಬರುವುದುಂಟು. ಆದುದರಿಂದ ಇದು ವೈದ್ಯರ ಕಣ್ಗಾವಲಿನಲ್ಲಿಯೇ ಕೊಡತಕ್ಕ ಔಷಧ.

ಪ್ರಕೃತಿ ಇದೇ ಉಪಾಯವನ್ನು ಎಂದೋ ಕಂಡುಕೊಂಡಿತ್ತು. ನರಗಳ ಮತ್ತು ಹೃದಯದ ಜೀವಕೋಶಗಳ ಪೊರೆಯಲ್ಲಿ ಪೊಟ್ಯಾಸಿಯಮಿಗೆಂದೇ ಮೀಸಲಾದ ಹಾದಿಗಳಿವೆ. ಅವುಗಳ ಇಕ್ಕಟ್ಟಿನ ಭಾಗದಲ್ಲಿ ಆಮ್ಲಜನಕಗಳ ಉಂಗುರಗಳು ಒಂದರ ಮೇಲೊಂದು ನಿಂತಿವೆ. 1998ರಲ್ಲಿ ಬ್ಯಾಕ್ಟೀರಿಯವೊಂದರ ಇಂತಹ ಹಾದಿಯ ರಚನೆಯನ್ನು ತೋರಿಸಿಕೊಟ್ಟ ರಾಡರಿಕ್ ಮೆಕಿನನ್ ಅವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಸಂದಿತು.

ಪೆಡರ್ಸನ್ನರ ಹರಳು ಶೇಕಡಾ ಅರ್ಧಕ್ಕೂ ಕಡಿಮೆ. ಟಂಗ್‌ಸ್ಟನ್ ಉಂಗುರದ ಸೋಡಿಯಂ ಸಾವಿರಕ್ಕೆ ಮೂರು. ಗಾಲಿಯ ಅಚ್ಚು ಕೆಲಸ ಮುಗಿದೊಡನೆ ಮಾಯ. ರಕ್ತದ ಪೊಟ್ಯಾಸಿಯಂ ಸೋಡಿಯಮಿನ ಮುಂದೆ ಮೂವತ್ತರಲ್ಲೊಂದು. ತಕ್ಕಡಿಯ ಕಣ್ಣಿಗೆ ಇವೆಲ್ಲ ಅಲ್ಪ. ಆದರೂ ಇವುಗಳನ್ನು ಬಿಟ್ಟು ಬರೆದ ಲೆಕ್ಕ ಪ್ರತಿಯೊಂದು ಸಲವೂ ತಪ್ಪಾಯಿತು. ಪ್ರೈಸ್ಲರರ ಅಣುವಿನ ಸೂತ್ರವನ್ನು ಈಗ ಬರೆಯುವಾಗ ರಸಾಯನಜ್ಞರು ಮೂವತ್ತು ಟಂಗ್‌ಸ್ಟನ್ನಿಗಿಂತ ಮೊದಲು, ಐದು ರಂಜಕಕ್ಕಿಂತಲೂ ಮೊದಲು, ಆ ಒಂದು ಸೋಡಿಯಮಿನ ಹೆಸರನ್ನು ಬರೆಯುತ್ತಾರೆ. ಹದಿನೈದು ವರ್ಷ ತಡವಾಗಿಯಾದರೂ ಅತಿಥಿಗೆ ಅಗ್ರಪೀಠ ದೊರೆತಿದೆ.